ಮುಯ್ಯಿ ಬರೆಯುವ ಮಾವ

ಹೊಸಹಳ್ಳಿ ಕಡೆಯ ಯಾವ ಮದುವೆಗೇ ಹೋದರೂ ಮಂಟಪ ಎಲ್ಲಿದೆ, ಕೈ ತೊಳೆಯುವ ನಲ್ಲಿ ಎಲ್ಲಿದೆ ಎಂದು ಕೇಳಬೇಕಾಗಬಹುದು. ಮುಯ್ಯಿ ಬರೆಯುವ ಮೇಜು ಎಲ್ಲಿದೆ ಎಂದು ಮಾತ್ರ ಯಾರೂ ಕೇಳಬೇಕಿಲ್ಲ. ಊಟಕ್ಕೆ ಹೋಗುವ ದಾರಿಯಲ್ಲೇ, ಇಬ್ಬರು ಒಟ್ಟಿಗೆ ದಾಟಲಾಗದಂಥ ಇಕ್ಕಟ್ಟಿನಲ್ಲಿ ಅದನ್ನು ಹಾಕಿರುತ್ತಾರೆ. ಅರಿಶಿನ ಕುಂಕುಮ ಹಚ್ಚಿದ ಉದ್ದನೆಯ ಪುಸ್ತಕ, ಮುಚ್ಚಳವಿರುವ ಸ್ಟೀಲ್ ಡಬ್ಬಿ, ಎಲೆ ಅಡಿಕೆಯ ತಟ್ಟೆ, ಎರಡು ಪೆನ್ನು. ಅವುಗಳ ಹಿಂದೆ ಮಾವ.

ಯಾರ ಮಾವ ಎಂದರೆ ಎಲ್ಲರ ಮಾವ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಊರಿಗೊಬ್ಬರಾದರೂ ಇಂಥವರಿದ್ದಾರೆ. ಅರವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲ್ಲು. ಅಕ್ಷರ ದುಂಡಗಿದೆ ಎಂದು ಯಾವುದೋ ಕಾಲದಲ್ಲಿ ಯಾರೋ ಕೂರಿಸಿದ್ದು, ಮತ್ತೆ ಎದ್ದೇ ಇಲ್ಲ. ಅಕ್ಷರ ದುಂಡಗಿರುವವರು ಈಗ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಾವನ ಕುರ್ಚಿ ಉಳಿದಿರುವುದು ನೆನಪಿನ ಬಲದಿಂದ.

ಆ ನೆನಪು ಎಂಥದ್ದೆಂದರೆ, ನೂರಾ ಒಂದು ರೂಪಾಯಿ ಹಿಡಿದು ಬಂದವರನ್ನು ಮಾವ ತಲೆ ಎತ್ತಿಯೂ ನೋಡುವುದಿಲ್ಲ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದು, "ಬರ್ರಿ, ಬರ್ರಿ. ನಿಮ್ಮ ದೊಡ್ಡ ಮಗಳ ಮದುವಿಗೆ ಇವರು ಇನ್ನೂರಾ ಒಂದು ಮಾಡಿದ್ರು, ಅಲ್ವಾ?" ಎನ್ನುತ್ತಾರೆ. ದನಿ ಮೆತ್ತಗೆಯೇ ಇರುತ್ತದೆ. ಆದರೆ ಸಾಲಿನಲ್ಲಿ ಹಿಂದೆ ನಿಂತ ಐದಾರು ಜನಕ್ಕೆ ಕೇಳುವಷ್ಟು ಮೆತ್ತಗೆ. ಬಂದವರ ಕೈ ಮತ್ತೆ ಜೇಬಿಗೆ ಹೋಗುತ್ತದೆ. ಆಮೇಲೆಯೇ ಪೆನ್ನು ಕಾಗದಕ್ಕೆ ಇಳಿಯುವುದು.

ಇದನ್ನು ಬರೀ ಹಳ್ಳಿಯ ಗತ್ತು ಎಂದು ತಳ್ಳಿಹಾಕುವಂತಿಲ್ಲ, ಲೆಕ್ಕ ನಿಜವಾಗಿಯೂ ಇದೆ. ಶೇಂಗಾ, ಜೋಳ, ಮೆಕ್ಕೆಜೋಳ ನಂಬಿದ ಮಳೆಯಾಧಾರದ ಸೀಮೆಯಿದು. ಮದುವೆ ಗೊತ್ತಾದಾಗ ಕೈಯಲ್ಲಿ ರೊಕ್ಕ ಇರುವ ಮನೆ ಅಪರೂಪ. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಎಂದು ಸರ್ಕಾರ 2023ರಲ್ಲೇ ಹೇಳಿದೆ, ಆದರೆ ಮದುವೆ ಬೆಳೆಯ ಪಟ್ಟಿಯಲ್ಲಿಲ್ಲ. ಊರೊಳಗೆ ಕೇಳಿದರೆ ನೂರಕ್ಕೆ ಮೂರು. ತಿಂಗಳಿಗೆ ಮೂರು ಎನ್ನುವಾಗ ಹಗುರವಾಗಿ ಕೇಳಿಸುವುದು ವರ್ಷಕ್ಕೆ ಮೂವತ್ತಾರಾಗುತ್ತದೆ. ಹೀಗಿರುವಾಗ ಶಾಮಿಯಾನದವರು, ಅಡುಗೆಯವರು, ಪಾತ್ರೆ ಬಾಡಿಗೆಯವರು ಮದುವೆಯ ಸಂಜೆಯೇ ಬಂದು ನಿಂತರೆ ಅವರನ್ನು ಕಳಿಸಿಕೊಡುವುದು ಆ ಸ್ಟೀಲ್ ಡಬ್ಬಿ. ಜಾಮೀನು, ಅರ್ಜಿ, ಪಹಣಿ, ಬಡ್ಡಿ ಯಾವುದೂ ಇಲ್ಲದ ಸಾಲ ಅದು. ವಾಯಿದೆಯೂ ಇಲ್ಲ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ತೀರಿಸಬೇಕು, ಅಷ್ಟೆ.

ಬ್ಯಾಂಕಿನ ಬಗ್ಗೆ ಮಾವನಿಗೆ ದ್ವೇಷವೇನೂ ಇಲ್ಲ, ಸ್ವಲ್ಪ ಕನಿಕರವಿದೆ. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು. 2005ರಲ್ಲಿ ಪ್ರಗತಿಯಾಯಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರ ಏಪ್ರಿಲ್ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಪ್ರತಿ ಸಲವೂ ಪಾಸ್‌ಬುಕ್ ಬದಲಾಯಿಸಿಕೊಂಡು ಬಂದ ಮಾವ, "ನಮ್ಮ ಪುಸ್ತಕದ ಹೆಸರು ಮಾತ್ರ ಹಂಗೇ ಐತೆ ನೋಡು" ಎನ್ನುತ್ತಾರೆ. ಜಿಲ್ಲೆಗಳ ಕಥೆಯೂ ಅದೇ. ಹರಪನಹಳ್ಳಿಯ ಬೀಗರ ವಿಳಾಸ ಪುಸ್ತಕದಲ್ಲಿ ಮೊದಲು ಬಳ್ಳಾರಿ ಜಿಲ್ಲೆ, 1997ರ ನಂತರ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಇನ್ನೂ ಹಿಂದಕ್ಕೆ ಹೋದರೆ, 1953ರವರೆಗೆ ಇದೆಲ್ಲ ಮದ್ರಾಸಿಗೆ ಸೇರಿದ್ದು. ರಾಜ್ಯ, ಜಿಲ್ಲೆ ಎಲ್ಲ ಅದಲು ಬದಲಾದರೂ ಬೀಗರು ಕೊಡಬೇಕಾದ ಇನ್ನೂರಾ ಐವತ್ತೊಂದು ಎಲ್ಲಿತ್ತೋ ಅಲ್ಲೇ ಇದೆ.

ಪಕ್ಕದ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಈ ಸೀಮೆಯಲ್ಲಿ ಲಾರಿಗಳ ಮೇಲೂ ಕಾಣುತ್ತದೆ. ದುಡಿದಷ್ಟು ಕೂಲಿ ಕೊಡು ಎಂದು ಊರವರು ಅರ್ಥ ಹೇಳುತ್ತಾರೆ. ಮಾವನ ಪ್ರಕಾರ ಸ್ವಾಮಿಗಳು ಹೇಳಿದ್ದು ಮುಯ್ಯಿಯ ವಿಷಯ.

ಮಾವನ ನಿಜವಾದ ತಲೆಬೇನೆ ಬೇರೆ, ಅದರ ಹೆಸರು ಬಂಗಾರ. 1998ರಲ್ಲಿ ಹತ್ತು ಗ್ರಾಂ ಬಂಗಾರ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಆಗ ನೂರಾ ಒಂದು ಮುಯ್ಯಿ ಮಾಡಿದವನು ಲೆಕ್ಕಕ್ಕೆ ಕಾಲು ಗ್ರಾಂ ಬಂಗಾರ ಕೊಟ್ಟಂತೆ. 2025ರಲ್ಲಿ ಹತ್ತು ಗ್ರಾಂ ಒಂದು ಲಕ್ಷ ದಾಟಿತು. ಕಾಲು ಗ್ರಾಂ ಎಂದರೆ ಎರಡೂವರೆ ಸಾವಿರಕ್ಕೂ ಮೇಲೆ. ಈಗ ಅದೇ ಮನೆಯವರು "ನೂರಕ್ಕೆ ಇನ್ನೂರು, ಇಮ್ಮಡಿ ಮಾಡೀವಿ" ಎಂದು ಎದೆಯುಬ್ಬಿಸಿ ಇನ್ನೂರಾ ಒಂದು ಬರೆಸಿದರೆ, ಮಾವನ ಕಣ್ಣಿಗೆ ಎರಡು ಸಾವಿರದ ಮುನ್ನೂರು ರೂಪಾಯಿ ಹಗಲುಹೊತ್ತಿನಲ್ಲೇ ಕಳುವಾದಂತೆ ಕಾಣುತ್ತದೆ.

ಈ ಲೆಕ್ಕವನ್ನು ಅವರು ಒಮ್ಮೆ ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುವಾಗ ಬಿಡಿಸಿ ಹೇಳಿದರು. ಹಣದುಬ್ಬರದ ಬಗ್ಗೆ ಇಷ್ಟು ಸರಳವಾದ ಪಾಠವನ್ನು ಯಾವ ಕಾಲೇಜಿನಲ್ಲೂ ಹೇಳಿರಲಾರರು. ಕೇಳಿದವರಲ್ಲಿ ಒಬ್ಬರು ಮೊಬೈಲ್ ತೆಗೆದು ಗುಣಿಸಿ ನೋಡಿದರು, ಸರಿಯಿತ್ತು. ಇನ್ನೊಬ್ಬರು, "ಹಂಗಾರೆ ಮಾವ, ನಿನ್ನ ಮದುವಿಗೆ ನಮ್ಮಪ್ಪ ಹನ್ನೊಂದು ರೂಪಾಯಿ ಮಾಡಿದ್ದ. ಅದನ್ನೂ ಬಂಗಾರದಾಗೇ ಹೇಳು" ಎಂದರು. ಮಾವ ಸಾರು ಬಡಿಸುವವನನ್ನು ಕೂಗಿದರು. ಅಲ್ಲಿಂದೀಚೆಗೆ ಬಂಗಾರದ ಲೆಕ್ಕ ಬರಬೇಕಾದ ಮುಯ್ಯಿಗೆ ಮಾತ್ರ. ಕೊಡಬೇಕಾದ್ದು ರೂಪಾಯಿಯಲ್ಲೇ ಉಳಿದಿದೆ.

ಕೊಡುವವರ ಕಷ್ಟವೂ ಸಣ್ಣದಲ್ಲ. ಒಂದೇ ಮುಹೂರ್ತಕ್ಕೆ ನಾಲ್ಕು ಕಡೆ ಮದುವೆ ಬಿದ್ದರೆ, ತಲಾ ಇನ್ನೂರಾ ಒಂದರಂತೆ ಎಂಟುನೂರಾ ನಾಲ್ಕು ರೂಪಾಯಿ. ಉದ್ಯೋಗ ಖಾತ್ರಿಯ ಕೂಲಿ 2025–26ಕ್ಕೆ ದಿನಕ್ಕೆ 370. ಎರಡು ದಿನ ಮಣ್ಣು ಹೊತ್ತರೂ ಆ ನಾಲ್ಕು ಮನೆಯ ಮುಯ್ಯಿ ಹುಟ್ಟುವುದಿಲ್ಲ, ಬಸ್ ಚಾರ್ಜಿನ ಮಾತು ಆಮೇಲೆ. ಹೆಂಗಸರಿಗೆ 2023ರ ಜೂನ್‌ನಿಂದ ಬಸ್ಸು ಪುಕ್ಕಟೆಯಾದ ಮೇಲೆ ಮನೆಯ ಪರವಾಗಿ ಮದುವೆಗೆ ಹೋಗುವ ಕೆಲಸ ಸದ್ದಿಲ್ಲದೆ ಅವರ ಪಾಲಿಗೆ ಬಂದಿದೆ. ಅದೇ ವರ್ಷದ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಎರಡು ಸಾವಿರ ಮನೆಯೊಡತಿಯ ಖಾತೆಗೇ ಬೀಳತೊಡಗಿದಾಗ ಮಾವನ ಪುಸ್ತಕದಲ್ಲಿ ಒಂದು ಸಮಸ್ಯೆ ಹುಟ್ಟಿತು. ಅದುವರೆಗೆ ಯಾರೇ ತಂದು ಕೊಟ್ಟರೂ ಗಂಡನ ಹೆಸರು ಬರೆಯುವುದು ವಾಡಿಕೆ. ಒಬ್ಬಾಕೆ ಐನೂರಾ ಒಂದು ಎಣಿಸಿ ಇಟ್ಟು, "ನನ್ನ ಹೆಸರು ಬರಿಯೋ ಮಾವ, ಅವನ ರೊಕ್ಕ ಅಲ್ಲ ಇದು" ಎಂದಳು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಬರೆದರು. ಈಗ ಒಂದೇ ಮನೆಗೆ ಎರಡು ಖಾತೆ. ತೀರಿಸುವಾಗ ಯಾರಿಗೆ ಎಷ್ಟು ಎಂಬ ಜಗಳವನ್ನು ಗಂಡ ಹೆಂಡತಿ ಇಬ್ಬರೂ ಮಾವನ ಕಟ್ಟೆಗೇ ತರುತ್ತಾರೆ.

ಹೆಂಗಸರ ಲೆಕ್ಕದ ವಿಷಯಕ್ಕೆ ಬಂದರೆ ಮಾವ ತಮ್ಮ ಮನೆಯಲ್ಲೇ ಎರಡನೆಯವರು. ಅತ್ತೆಯದು ಕುಪ್ಪಸದ ಖಣಗಳ ಲೆಕ್ಕ, ಪುಸ್ತಕವಿಲ್ಲ, ಪೆನ್ನಿಲ್ಲ. ಟ್ರಂಕಿನಲ್ಲಿ ಖಣಗಳ ಎರಡು ರಾಶಿ. ಹೊಲಿಸುವ ಯೋಗ್ಯತೆ ಇರುವವು ಬಲಕ್ಕೆ, ಉಡಿ ತುಂಬಿ ಸಾಗಹಾಕುವಂಥವು ಎಡಕ್ಕೆ. ಎಡ ರಾಶಿಯ ಖಣ ಯಾವತ್ತೂ ಟೇಲರ್ ಮುಖ ನೋಡುವುದಿಲ್ಲ. ಕೊಟ್ಟೂರಿನ ತೇರಿಗೆ ಬಂದವರ ಜೊತೆ ಹೊರಟು, ಹಡಗಲಿಯಲ್ಲಿ ಒಂದು ಸೀಮಂತ, ಹರಪನಹಳ್ಳಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿಸಿಕೊಂಡು ತಿರುಗಿ ಬರುತ್ತದೆ. ಅಂಥದ್ದೊಂದು ನೇರಳೆ ಖಣ ನಾಲ್ಕು ವರ್ಷದ ಮೇಲೆ ಉಡಿಗೆ ಬಿದ್ದಾಗ ಅತ್ತೆ ಅಂಚು ತಿರುವಿ ನೋಡಿ, "ಬಂದೆಯಾ ತಾಯಿ" ಎಂದರಂತೆ. ಮೂಲೆಯಲ್ಲಿ ಅವರೇ ಹಾಕಿದ್ದ ಕೆಂಪು ದಾರದ ಗಂಟು ಹಾಗೇ ಇತ್ತು.

ಮಾವನಿಗೆ ಇಂಥ ಗಂಟಿನ ಅನುಕೂಲವಿಲ್ಲ, ನೋಟಿನ ಮೇಲೆ ಯಾರ ಗುರುತೂ ಇರುವುದಿಲ್ಲ. ಆದರೂ 2016ರ ನವೆಂಬರ್‌ನಲ್ಲಿ ಒಂದು ಗುರುತು ಸಿಕ್ಕಿತ್ತು. ಐನೂರು, ಸಾವಿರದ ನೋಟು ರದ್ದಾದ ಆ ವಾರ, ಐವತ್ತೊಂದಕ್ಕೂ ಕೈ ನಡುಗುತ್ತಿದ್ದವರೆಲ್ಲ ಸಾವಿರದ ನೋಟು ಹಿಡಿದು ಬಂದರು. ಊರಿನ ಔದಾರ್ಯ ಕಂಡು ಮದುವೆ ಮನೆಯವರ ಕಣ್ಣು ತುಂಬಿತು, ಮಾವನ ಹುಬ್ಬು ಗಂಟಾಯಿತು. ಅಂಥ ಹೆಸರುಗಳ ಮುಂದೆಲ್ಲ ಅವರು ಕೆಂಪು ಶಾಯಿಯಲ್ಲಿ "ಹಳೇ ನೋಟು" ಎಂದು ಬರೆದಿಟ್ಟಿದ್ದಾರೆ. 2023ರ ಮೇ 19ರಂದು ಎರಡು ಸಾವಿರದ ನೋಟು ಹಿಂದಕ್ಕೆ ಪಡೆಯುವ ಸುದ್ದಿ ಬಂದಾಗ ಮತ್ತೆ ಮದುವೆ ಕಾಲ, ಮತ್ತೆ ಅದೇ ಔದಾರ್ಯ. ಆ ಸಲ ಕೆಂಪು ಪೆನ್ನು ಮೇಜಿನ ಮೇಲೆ ಮೊದಲೇ ಇತ್ತು.

ಈಗೀಗ ಮೇಜಿನ ಮೇಲೆ ಕ್ಯೂಆರ್ ಕೋಡ್ ಬಂದು ನಿಂತಿದೆ. ಸಾಮಾನ್ಯವಾಗಿ ಅದು ಮದುಮಗನ ತಮ್ಮನದೋ, ಕಿರಾಣಿ ಅಂಗಡಿಯಿರುವ ಸೋದರಮಾವನದೋ ಆಗಿರುತ್ತದೆ. ಹಿಂದೆ ಮುಯ್ಯಿಯನ್ನು ಮೈಕಿನಲ್ಲಿ ಓದುತ್ತಿದ್ದರು. ಇಂಥ ಊರಿನ ಇಂಥವರು ಇಷ್ಟು ರೂಪಾಯಿ ಎಂದು ಊರೆಲ್ಲ ಕೇಳುತ್ತಿತ್ತು. ಮರ್ಯಾದೆಯಲ್ಲ ಎಂದು ವಿದ್ಯಾವಂತರು ಅದನ್ನು ಬಹಳ ಕಷ್ಟಪಟ್ಟು ನಿಲ್ಲಿಸಿದರು. ಈಗ ಅಂಗಡಿಯಿಂದ ತಂದಿಟ್ಟ ಪುಟ್ಟ ಸ್ಪೀಕರ್ ಡಬ್ಬಿ, ಯಾರ ಮುಲಾಜೂ ಇಲ್ಲದೆ, ನೂರಾ ಒಂದು ರೂಪಾಯಿ ಬಂತೆಂದು ಪಂಕ್ತಿಯ ತುದಿಯವರೆಗೆ ಕೂಗುತ್ತದೆ. ಹೆಸರು ಹೇಳುವುದಿಲ್ಲ, ನಿಜ. ಆದರೆ ಆ ಕ್ಷಣ ಮೊಬೈಲನ್ನು ಅವಸರದಲ್ಲಿ ಜೇಬಿಗಿಳಿಸುವವರು ಯಾರು ಎಂದು ತಿರುಗಿ ನೋಡುವುದು ಕಷ್ಟವಲ್ಲ.

2025ರ ಜುಲೈನಲ್ಲಿ ಯುಪಿಐ ವ್ಯವಹಾರ ಲೆಕ್ಕಹಾಕಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಎಂಬ ಸುದ್ದಿ ಓದಿ ಮಾವ ಕ್ಯೂಆರ್ ಕೋಡನ್ನು ಮಗುಚಿ ಹಾಕಿಬಿಟ್ಟರು. ಮದುವೆಯಲ್ಲಿ ವಧೂವರರಿಗೆ ಬರುವ ಉಡುಗೊರೆಗೆ ಆದಾಯ ತೆರಿಗೆ ಇಲ್ಲವೆಂದು ತೆರಿಗೆ ಸಲಹೆಗಾರನ ಬಳಿ ಗುಮಾಸ್ತನಾಗಿದ್ದ ಹುಡುಗ ಸಮಾಧಾನ ಹೇಳಿದ. ಬೇರೆ ಸಮಾರಂಭಗಳಲ್ಲಿ ಮಾತ್ರ, ನೆಂಟರಲ್ಲದವರಿಂದ ವರ್ಷಕ್ಕೆ ಐವತ್ತು ಸಾವಿರ ದಾಟಿದರೆ ಲೆಕ್ಕ ತೋರಿಸಬೇಕು ಎಂದೂ ಸೇರಿಸಿದ. ಮಾವ ಸ್ವಲ್ಪ ಹೊತ್ತು ಯೋಚಿಸಿ, "ಅದಕ್ಕೇನು, ಈ ಸೀಮೆಯಾಗೆ ನೆಂಟರಲ್ಲದವರು ಯಾರವರೆ?" ಎಂದರು.

ಮಕ್ಕಳಿಲ್ಲದವರ, ಮದುವೆಯಾಗದವರ ಪಾಡು ಈ ವ್ಯವಸ್ಥೆಯ ಬಡಪಾಯಿ ಭಾಗ. ಮೂವತ್ತು ವರ್ಷ ಎಲ್ಲರ ಮದುವೆಗೂ ಮುಯ್ಯಿ ಮಾಡಿ, ತಿರುಗಿ ಪಡೆಯಲು ಸಂದರ್ಭವೇ ಇಲ್ಲದೆ ಕೂತಿರುತ್ತಾರೆ. ಇಂಥವರಿಗೆ ಮಾವ ಗುಟ್ಟಾಗಿ ಸಲಹೆ ಕೊಡುತ್ತಾರೆ: ಮನೆಗೆ ಮುಂದಿನ ಒಂದು ಅಂಕಣ ಕಟ್ಟಿಸಿ ಗೃಹಪ್ರವೇಶ ಮಾಡು, ಇಲ್ಲವೇ ತಮ್ಮನ ಮಗನ ಜವಳ ನಿನ್ನ ಮನೆಯಲ್ಲೇ ಮಾಡಿಸು. ತಮಿಳುನಾಡಿನ ಪುದುಕ್ಕೋಟೆ, ತಂಜಾವೂರು ಕಡೆಯವರು ಇಷ್ಟೂ ನೆಪ ಹುಡುಕುವುದಿಲ್ಲ. ಆಷಾಢದಲ್ಲಿ ಬರೀ ಮುಯ್ಯಿಗೆಂದೇ ಊಟ ಹಾಕಿಸುತ್ತಾರೆ, ಕೆಲವು ಕಡೆ ಕಂಪ್ಯೂಟರಿನಲ್ಲಿ ರಸೀದಿಯನ್ನೂ ಕೊಡುತ್ತಾರೆ. ಇದನ್ನು ಟಿವಿಯಲ್ಲಿ ನೋಡಿದ ದಿನ ಮಾವ ರಾತ್ರಿ ಊಟ ಕಡಿಮೆ ಮಾಡಿದರು. ರಸೀದಿ ಕೊಡುವ ಯಂತ್ರ ಬಂದರೆ ತಮ್ಮ ಕುರ್ಚಿ ಉಳಿಯುವುದೇ ಎಂಬ ಚಿಂತೆ.

ಕುರ್ಚಿಗೆ ಕುತ್ತು ಬಂದದ್ದು ಬೇರೆ ದಿಕ್ಕಿನಿಂದ. ಹಗರಿಬೊಮ್ಮನಹಳ್ಳಿಯಿಂದ ಬಂದ ಒಂದು ಲಗ್ನಪತ್ರಿಕೆಯ ಕೆಳಗೆ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚಾಗಿತ್ತು. ಮದುಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆ ಮನೆಯವರು ಮಾವನ ಮಗಳ ಮದುವೆಗೆ ಐನೂರಾ ಒಂದು ಮಾಡಿದ್ದರು. ತೀರಿಸಲು ಇದೊಂದೇ ಮದುವೆ ಬಾಕಿ, ತೀರಿಸಬಾರದೆಂದು ಪತ್ರಿಕೆಯೇ ಹೇಳುತ್ತಿದೆ. ಮೇಜಿಲ್ಲದ ಮದುವೆಯಲ್ಲಿ ಮಾವ ಕೈ ಎಲ್ಲಿಡಬೇಕೆಂದು ತಿಳಿಯದೆ ಬೆಳಗಿನಿಂದ ಓಡಾಡಿದರು. ಮದುಮಗನ ಕೈಗೆ ಕೊಡಲು ಹೋದರೆ ಅವನು ನಗುತ್ತ ಕಾಲಿಗೆ ಬಿದ್ದ. ಅವನಪ್ಪ ಕೈಮುಗಿದು ಹಿಂದೆ ಸರಿದರು. ಊಟವಾದ ಮೇಲೆ ಮಾವ ಒಳಮನೆಗೆ ನುಗ್ಗಿ, ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಮದುಮಗನ ಅಜ್ಜಿಯ ಸೆರಗಿಗೆ ಐನೂರರ ನೋಟು ತುರುಕಿ, "ಯವ್ವಾ, ನಂದು ಮುಗೀತು, ನೀನೇ ಸಾಕ್ಷಿ" ಎಂದು ಹೊರಟರು.

ಅಜ್ಜಿ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಸೆರಗು ಕೊಡವಿ, ಹಿಂದಿನಿಂದ ಕೂಗಿದಳು: "ಲೇ ತಮ್ಮಾ, ಒಂದ್ರೂಪಾಯಿ ಎಲ್ಲೈತೋ?"