ಜೆರ್ಸಿ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಯಾವ ಶಾಲೆಗೆ ಹೋದರೂ ಒಬ್ಬ ಜೆರ್ಸಿ ಮೇಷ್ಟ್ರು ಸಿಗುತ್ತಾರೆ. ದೈಹಿಕ ಶಿಕ್ಷಕರೇ ಆಗಿರಬೇಕೆಂದಿಲ್ಲ, ಹಿಂದಿ ಮೇಷ್ಟ್ರೂ ಆಗಿರಬಹುದು. ಕ್ರೀಡಾಕೂಟದ ಸುತ್ತೋಲೆ ಬಂದ ದಿನ ಉಳಿದವರು ಮೈದಾನ ಎಲ್ಲಿ, ಊಟ ಯಾರದು ಅಂತ ಕೇಳುತ್ತಿರುವಾಗ ‘ಡ್ರೆಸ್ ಏನ್ ಮಾಡೋಣ?’ ಅನ್ನುವವರು ಯಾರೋ ಅವರೇ.

ನಮ್ಮ ಶಾಲೆಯ ಜೆರ್ಸಿ ಮೇಷ್ಟ್ರಿಗೆ ಮಕ್ಕಳ ಹೆಸರು ಮರೆತುಹೋಗುತ್ತದೆ, ಅಳತೆ ಮರೆಯುವುದಿಲ್ಲ. ‘ಲೇ, ಆ ಮೂವತ್ತಾರು ಎಲ್ಲೋ ಹೋದ? ರೈಡ್‌ಗೆ ಕರೀರೋ ಅವನ್ನ’ ಅಂತ ಕಬಡ್ಡಿ ಅಂಕಣದ ಪಕ್ಕ ಕೂಗುತ್ತಿರುತ್ತಾರೆ. ಸಹೋದ್ಯೋಗಿಗಳ ಲೆಕ್ಕವೂ ಅವರ ಡೈರಿಯಲ್ಲಿದೆ. ಯಾರು ಮದುವೆಯಾದ ವರ್ಷ ಎಲ್‌ನಿಂದ ಎಕ್ಸೆಲ್‌ಗೆ ಬಡ್ತಿ ಪಡೆದರು, ಯಾರು ಡಬಲ್ ಎಕ್ಸೆಲ್‌ನಲ್ಲೇ ನಿವೃತ್ತರಾದರು ಎನ್ನುವುದು ಸೇವಾ ಪುಸ್ತಕದಲ್ಲಿ ಸಿಗದ ಮಾಹಿತಿ.

ಅವರ ಎದುರು ಹತ್ತಿ ಬನಿಯನ್ ಹೊಗಳಬಾರದು. ಹೊಗಳಿದರೆ ಪಾಠ ಶುರು. ‘ನೋಡಿ ಸಾರ್, ಹತ್ತಿ ಸುಮ್ಮನೆ ಗಾಳಿಯ ತೇವವನ್ನೇ ತನ್ನ ತೂಕದ ನೂರಕ್ಕೆ 7-8 ಪಾಲು ಹೀರಿಕೊಂಡು ಕೂತಿರುತ್ತೆ. ಪಾಲಿಯೆಸ್ಟರ್ ಅರ್ಧ ಪಾಲೂ ಹೀರಲ್ಲ. ಬೆವರು ಎಳೆಗಳ ಸಂದಿಯಲ್ಲೇ ಹರಿದು ಹೊರಗಡೆ ಬರುತ್ತೆ, ಗಾಳಿಗೆ ಆರುತ್ತೆ. ಅದಕ್ಕೇ ಡ್ರೈ ಫಿಟ್ ಅನ್ನೋದು. ತಿರುಮಣಿ ಕಡೆ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಾಡೋವಷ್ಟು ಬಿಸಿಲು ಐತೆ, ಪಾವಗಡಕ್ಕೆ ಬನಿಯನ್ ಹಾಕ್ಕೊಂಡು ಖೊಖೊ ಆಡಕ್ಕೆ ಹೋಗ್ತೀರಾ?’

ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ಮಾತ್ರ ಇದಕ್ಕೆ ಜಗ್ಗಲಿಲ್ಲ. ‘ನನ್ನ ಮದುವೆಗೆ ಟೆರಿಲಿನ್ ಶರ್ಟ್ ಹೊಲಿಸಿದ್ದೆ ಕಣಯ್ಯಾ. ಧಾರೆ ಮುಗಿಯೋ ಹೊತ್ತಿಗೆ ಬೆಂದುಹೋಗಿದ್ದೆ.’

‘ಅದೂ ಪಾಲಿಯೆಸ್ಟರ್ರೇ ಸಾರ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡು, ಡಿಕ್ಸನ್ನು ಕಂಡುಹಿಡಿದಿದ್ದು. ಈಗ ಹೆಣಿಗೆ ಬೇರೆ, ಸಣ್ಣ ಸಣ್ಣ ತೂತು ಬಿಟ್ಟಿರ್ತಾರೆ.’

‘ತೂತಿಗೂ ದುಡ್ಡು ಕೊಡ್ತೀರಾ?’

ಮೇಷ್ಟ್ರು ಕೊಟ್ಟರು. ತುಮಕೂರಿನ ಅಂಗಡಿಗೆ ಜೊತೆಗೆ ಹೋದವನು ನಾನು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಅಂಗಡಿಯವನ ಕಂಪ್ಯೂಟರಿನಲ್ಲಿ ಯಾವ ದೇಶದ್ದೂ ಅಲ್ಲದ ಲಿಪಿಯಾಗಿತ್ತು. ‘ಅಕ್ಷರಾನ ಕರ್ವ್ ಮಾಡಿ, ಚಿತ್ರದ ಥರ ಕಳಿಸ್ಬೇಕು ಸಾರ್’ ಅಂದ ಅಂಗಡಿಯ ಹುಡುಗ. ಅದು ಸರಿಹೋದ ಮೇಲೆ ಕಾಗದದ ಮೇಲೆ ಮುದ್ರಣ ಬಂತು: ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಬಣ್ಣ ತೊಳೆದಂತೆ ಮಂಕು. ಬರಿಗಣ್ಣಿಗೆ ದುಡ್ಡು ನೀರಿಗೆ ಹಾಕಿದ ಹಾಗೇ. ಮೇಷ್ಟ್ರು ನನ್ನ ಮುಖ ನೋಡಿ ನಕ್ಕರು. ‘ತಾಳಿ. ಒಲೆಗೆ ಹೋಗಿ ಬರ್ಲಿ.’

ಒಲೆ ಅಂದರೆ ಹೀಟ್ ಪ್ರೆಸ್. ಸುಮಾರು 200 ಡಿಗ್ರಿ, ಒಂದು ನಿಮಿಷಕ್ಕೂ ಕಡಿಮೆ. ತೆರೆದಿಟ್ಟ ಕರ್ಪೂರ ಕರಗಿ ನೀರಾಗದೆ ನೇರ ಆವಿಯಾಗುತ್ತದಲ್ಲ, ಆ ಬಣ್ಣವೂ ಹಾಗೇ ಆವಿಯಾಗಿ, ಕಾದು ಸಡಿಲಗೊಂಡ ಪಾಲಿಯೆಸ್ಟರ್ ಎಳೆಯ ಒಳಗೆ ಹೊಕ್ಕು ಕೂರುತ್ತದೆ. ಆರಿದ ಮೇಲೆ ಉಗುರಿನಿಂದ ಕೆರೆದರೂ ಏಳುವುದಿಲ್ಲ. ಹತ್ತಿಯ ಮೇಲೆ ಈ ಆಟ ನಡೆಯದು. ಕಪ್ಪು ಬಟ್ಟೆಯ ಮೇಲೂ ನಡೆಯದು, ಇದರಲ್ಲಿ ಬಿಳಿ ಶಾಯಿಯೇ ಇಲ್ಲ; ಬಿಳಿ ಬೇಕೆಂದರೆ ಬಟ್ಟೆಯೇ ಕೊಡಬೇಕು. ಕಾಗದ ಎತ್ತಿದಾಗ ಕಂಡ ಕೇಸರಿ, ನೀಲಿಗೆ ನಾನೂ ಬಾಯಿ ಮುಚ್ಚಿದೆ, ನಿಜ.

ಎದೆಯ ಮೇಲೆ ಮಧುಗಿರಿ ಬೆಟ್ಟ. ಶಿರಾದವರು ಕೋಟೆ ಹಾಕಿಸುತ್ತಿದ್ದಾರೆ, ಕೊರಟಗೆರೆಯವರು ಸಿದ್ಧರಬೆಟ್ಟ ಹಾಕಿಸುತ್ತಿದ್ದಾರೆ ಎಂದು ಗೂಢಚಾರರಿಂದ ಸುದ್ದಿ ಬಂದಿದ್ದರಿಂದ ನಮ್ಮ ಬೆಟ್ಟ ಒಂದು ತೋಳಿನಿಂದ ಇನ್ನೊಂದು ತೋಳಿನವರೆಗೆ ಹಬ್ಬಲೇಬೇಕಿತ್ತು. ತುಂಡು ಕತ್ತರಿಸಿ, ಮುದ್ರಿಸಿ, ಆಮೇಲೆ ಹೊಲಿಯುವುದು ಸರಿಯಾದ ಕ್ರಮ. ಅದಕ್ಕೆ ಜಾಸ್ತಿ ಆಗುತ್ತೆಂದು ಹೊಲಿದ ಅಂಗಿಯ ಮೇಲೆಯೇ ಒತ್ತಿಸಿದರು. ಮಡಿಕೆ ಬಿದ್ದಲ್ಲಿ, ಹೊಲಿಗೆ ಉಬ್ಬಿದಲ್ಲಿ ಬಣ್ಣ ತಾಗದೆ ಬಿಳಿ ಗೆರೆ ಉಳಿಯಿತು. ಟಿಪ್ಪಣಿ ಬರೆಯುವವರೆಲ್ಲ ಏಕಶಿಲೆ ಎಂದು ಹೊಗಳುವ ಬೆಟ್ಟ ತೋಳಿನ ಹತ್ತಿರ ಎರಡು ಶಿಲೆಯಾಯಿತು.

ಖರ್ಚು ಸ್ಥಳೀಯ ಮುಖಂಡರದು. ಆದ್ದರಿಂದ ಬೆಟ್ಟದ ನೆತ್ತಿಯಲ್ಲಿ, ಸೂರ್ಯ ಇರಬೇಕಾದ ಜಾಗದಲ್ಲಿ, ಅವರ ಭಾವಚಿತ್ರ. ಕೆಲವು ಅಂಗಿಗಳಲ್ಲಿ ಒತ್ತುವಾಗ ಕಾಗದ ಜರುಗಿ ಮುಖದ ಪಕ್ಕ ಮಸುಕಾದ ಇನ್ನೊಂದು ಮುಖ ಬಂದಿತ್ತು. ಮೇಷ್ಟ್ರು ಹೆದರುತ್ತಾ ತೋರಿಸಿದರೆ ಮುಖಂಡರು ಕಣ್ಣು ಕಿರಿದು ಮಾಡಿ ನೋಡಿ, ‘ಹಿಂದೆ ಇರೋದು ನಮ್ಮ ತಮ್ಮನಾ? ಒಳ್ಳೇದಾಯ್ತು ಬಿಡಿ’ ಅಂದರಂತೆ.

ಕ್ರೀಡಾಕೂಟಕ್ಕೆ ಇನ್ನೇನು ದಿನ ಬಂತು ಅನ್ನುವಾಗ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಊರಿನ ಫಲಕಗಳಿಗೆಲ್ಲ ಕಾಗದ ಅಂಟಿಸಿದರು. ಅಂಗಿಗೆ ಏನು ಮಾಡುವುದು? ಹಳೆಯ ಸ್ಟಿಕ್ಕರ್ ಪ್ರಿಂಟ್ ಆಗಿದ್ದರೆ ಇಸ್ತ್ರಿ ಹಚ್ಚಿ ಕಿತ್ತುಬಿಡಬಹುದಿತ್ತು. ಎಳೆಯೊಳಗೆ ಹೋಗಿ ಕೂತ ಮುಖಂಡರನ್ನು ಯಾವ ಚುನಾವಣಾಧಿಕಾರಿಯೂ ಹೊರಗೆ ಕರೆತರಲಾರ. ಬಿಸಿ ಇಸ್ತ್ರಿ ಪ್ರಯೋಗಿಸಿದ ಒಬ್ಬ ಹುಡುಗನ ಮನೆಯಲ್ಲಿ ಕೆಳಗಿದ್ದ ಬಿಳಿ ಸಮವಸ್ತ್ರಕ್ಕೂ ಮುಖದ ಛಾಯೆ ಇಳಿದು, ಕಡಿಮೆಯಾಗಬೇಕಾದದ್ದು ಒಂದು ಹೆಚ್ಚಾಯಿತು.

ರಾತ್ರಿಯೆಲ್ಲ ಯೋಚಿಸಿ ಮೇಷ್ಟ್ರು ಬೆಳಿಗ್ಗೆ ಆಜ್ಞೆ ಹೊರಡಿಸಿದರು: ‘ಎಲ್ಲಾ ಉಲ್ಟಾ ಹಾಕ್ಕೊಳ್ರೋ.’ ಬಣ್ಣ ಹೊರಮೈಗೆ ಮಾತ್ರ ಹತ್ತಿರುತ್ತದೆ, ಒಳಮೈ ಹೆಚ್ಚುಕಡಿಮೆ ಬಿಳಿಯೇ. ಹುಡುಗರು ಹೊಲಿಗೆಯ ನೂಲು, ಅಳತೆಯ ಚೀಟಿ ತೋರಿಸಿಕೊಂಡು ಅಂಕಣಕ್ಕಿಳಿದರು. ಪಾವಗಡದವರು ತೆಲುಗಿನಲ್ಲೂ ಕನ್ನಡದಲ್ಲೂ ನಕ್ಕರು. ಕಬಡ್ಡಿಯಲ್ಲಿ ನಾವೇ ಗೆದ್ದೆವು, ಅದು ಮೇಷ್ಟ್ರ ಗಮನಕ್ಕೆ ಬಂದದ್ದು ಫೋಟೋ ತೆಗೆಯುವಾಗ.

ಫೋಟೋ ವಾಟ್ಸಾಪಿಗೆ ಬಿದ್ದ ಕೂಡಲೇ ಮುಖಂಡರ ಫೋನು. ‘ಏನ್ ಮೇಷ್ಟ್ರೇ, ಅಷ್ಟ್ ದುಡ್ಡು ಕೊಟ್ಟಿದೀನಿ, ನಾನೆಲ್ಲಿ?’

‘ಮಕ್ಕಳ ಎದೆಗೇ ಅಂಟ್ಕೊಂಡಿದೀರ ಸಾರ್.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗದ್ಗದ ದನಿಯಲ್ಲಿ, ಮುಂದಿನ ವರ್ಷದ ಟ್ರ್ಯಾಕ್ ಪ್ಯಾಂಟೂ ತಮ್ಮದೇ ಅಂದರು. ಮೇಷ್ಟ್ರು ಈಗ ಸೊಂಟದ ಅಳತೆ ಬರೆದುಕೊಳ್ಳುತ್ತಿದ್ದಾರೆ. ಭಾವಚಿತ್ರ ಎಲ್ಲಿ ಹಾಕಿಸುವುದು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.