ಓಖ್ಲಾದ ಮಾರಾಯ್ರು

ದೆಹಲಿಯ ಆಗಸ್ಟ್ ತಿಂಗಳನ್ನು ಹೊಗಳುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಗಾಳಿಯಲ್ಲಿ ತೇವ ಏರಿ, ಕೂಲರ್ ಎಷ್ಟು ಗರಗರ ತಿರುಗಿದರೂ ಅದರ ಹುಲ್ಲಿನ ನೀರು ಆರದೆ, ರೂಮು ತಣ್ಣಗಾಗದೆ, ಇಡೀ ಊರು ‘ಚಿಪ್‌ಚಿಪಿ ಗರ್ಮಿ’ ಎಂದು ಶಪಿಸುತ್ತ ಬನಿಯನ್ ಹಿಂಡಿಕೊಳ್ಳುವ ತಿಂಗಳದು. ಆಗ ಓಖ್ಲಾದ ಮೂರನೇ ಮಹಡಿಯ ಬಾಲ್ಕನಿಯೊಂದರಲ್ಲಿ ಒಬ್ಬರು ಲುಂಗಿ ಎತ್ತಿಕಟ್ಟಿ ನಿಂತು, ಬೆವರನ್ನೂ ಒರೆಸಿಕೊಳ್ಳದೆ, “ಈಗ ಸ್ವಲ್ಪ ಊರಿನ ಹಾಗೆ ಆಯ್ತು ನೋಡಿ” ಎನ್ನುತ್ತಾರೆ.

ಹೆಸರು ಬೇಡ. ಇವರು ಶೆಟ್ಟರಿರಬಹುದು, ಪೈಗಳಿರಬಹುದು, ಡಿಸೋಜರೋ ಬ್ಯಾರಿಗಳೋ ಆಗಿರಬಹುದು. ಊರು ಉಳ್ಳಾಲದಿಂದ ಕಾರವಾರದ ತನಕ ಎಲ್ಲಿಯೂ ಆದೀತು. ಕೆಲಸ ಓಖ್ಲಾ ಫೇಸ್ ಟೂನಲ್ಲಿ, ಬಟ್ಟೆ ರಫ್ತು ಮಾಡುವ ಕಂಪನಿಯೊಂದರ ಲೆಕ್ಕಪತ್ರ ನೋಡುವುದು. ಎದುರು ಸಿಕ್ಕವರನ್ನೆಲ್ಲ, ಕನ್ನಡದ ಗಂಧಗಾಳಿ ಇಲ್ಲದ ಆಟೋದವನನ್ನೂ ಸೇರಿಸಿ, ಮಾರಾಯ್ರೆ ಎನ್ನುವುದರಿಂದ ನಾವೂ ಅವರನ್ನು ಮಾರಾಯ್ರು ಎಂದೇ ಕರೆಯೋಣ.

ಮಾರಾಯ್ರಿಗೆ ಓಖ್ಲಾದಲ್ಲಿ ಬಾಡಿಗೆ ಮನೆ ಸಿಕ್ಕಿತು, ಹಿಂದಿ ಬಂತು, ಮಕ್ಕಳು ಹುಟ್ಟಿ ರಾಜ್ಮಾ ಚಾವಲ್ ತಿಂದು ದೊಡ್ಡವರಾದರು. ಆದರೆ ದಿಕ್ಕು ಮಾತ್ರ ಇನ್ನೂ ಸರಿಹೋಗಿಲ್ಲ. ಕರಾವಳಿಯವರಿಗೆ ನೀರು ಇರುವುದು ಪಡುವಣಕ್ಕೆ. ಕಣ್ಣು ಕಟ್ಟಿ ಬಿಟ್ಟರೂ ಕಡಲ ಕಡೆ ಯಾವುದು, ಘಟ್ಟದ ಕಡೆ ಯಾವುದು ಎಂದು ಹೇಳಿಯಾರು. ಓಖ್ಲಾದಲ್ಲಿ ಯಮುನೆ ಮೂಡಕ್ಕೆ! ಸೂರ್ಯ ನೀರಿನ ಕಡೆಯಿಂದ ಏಳುತ್ತಾನೆ, ಹೋಗಿ ಗೋವಿಂದಪುರಿಯ ನೀರಿನ ಟ್ಯಾಂಕುಗಳ ಹಿಂದೆ ಮುಳುಗುತ್ತಾನೆ. “ಎಂತ ಸಾವು ಮಾರಾಯ್ರೆ, ದೇವರು ಈ ಊರನ್ನು ತಿರುಗಿಸಿ ಇಟ್ಟಿದ್ದಾನೆ” ಎಂಬುದು ಅವರ ದೂರು. ಈಗಲೂ ಆಟೋದವನಿಗೆ ಎಡ ಬಲ ಹೇಳುವ ಬದಲು ‘ಪಶ್ಚಿಮ್ ಮೇ ಲೋ’ ಎನ್ನುತ್ತಾರೆ. ಆಟೋದವನು ಗಾಡಿ ನಿಲ್ಲಿಸಿ ಆಕಾಶ ನೋಡುತ್ತಾನೆ.

ಈ ದಿಕ್ಕಿನ ಜ್ಞಾನ ಪೂರ್ತಿ ವ್ಯರ್ಥ ಎಂದೇನೂ ಅಲ್ಲ. ಗಾಳಿ ತೆಂಕಣದಿಂದ ಬಂದರೆ ಕಸದ ಗುಡ್ಡ, ಪಡುವಣದಿಂದ ಬಂದರೆ ಕೊಳಚೆ ನೀರಿನ ಘಟಕ, ಮೂಡಣದಿಂದ ಬಂದರೆ ಸಾಕ್ಷಾತ್ ಯಮುನಾ ದೇವಿ ಎಂದು ಕಿಟಕಿ ತೆರೆಯುವ ಮೊದಲೇ ಹೇಳಬಲ್ಲರು. ಯಾವ ಕಿಟಕಿ ಎಷ್ಟು ಹೊತ್ತಿಗೆ ಮುಚ್ಚಬೇಕೆಂದು ಮಹಡಿಯವರೆಲ್ಲ ಅವರನ್ನೇ ಕೇಳುತ್ತಾರೆ. ಮಲ್ಪೆಯಲ್ಲಿ ಬೋಟಿನವರು ಗಾಳಿ ನೋಡುವುದು ಬೇರೆ ಕಾರಣಕ್ಕೆ, ಇರಲಿ.

ಊರಿನಿಂದ ನೆಂಟರು ಬಂದರೆ ಕೆಂಪುಕೋಟೆ, ಕುತುಬ್ ಮಿನಾರ್ ಮುಗಿಸಿ ಕೊನೆಗೆ ಕಾಲಿಂದಿ ಕುಂಜಕ್ಕೆ ಕರೆದುಕೊಂಡು ಹೋಗುತ್ತಾರೆ. 1874ರಲ್ಲಿ ಇಲ್ಲಿಂದ ಆಗ್ರಾ ಕಾಲುವೆ ತೆಗೆದದ್ದನ್ನೂ, ಒಂದು ಕಾಲಕ್ಕೆ ದೆಹಲಿಯ ಸಂಸಾರಗಳು ಬುತ್ತಿ ಕಟ್ಟಿಕೊಂಡು ಓಖ್ಲಾಕ್ಕೆ ಪಿಕ್ನಿಕ್ ಬರುತ್ತಿದ್ದುದನ್ನೂ ವಿವರಿಸುತ್ತಾರೆ. ಅಕ್ಟೋಬರ್, ನವೆಂಬರ್ ಆದರೆ ನದಿಯ ಮೇಲೆ ಮಂಚದೆತ್ತರ ಬಿಳಿ ನೊರೆ ತೇಲುತ್ತಿರುತ್ತದೆ. ಛಠ್ ಪೂಜೆಯ ಹೆಂಗಸರು ಅದರ ನಡುವೆಯೇ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ನೆಂಟರು “ಅಯ್ಯೋ, ಥೇಟ್ ಸಮುದ್ರ!” ಎಂದರೆ ಮಾರಾಯ್ರಿಗೆ ಸಿಟ್ಟು ಬರುತ್ತದೆ. ಕಡಲ ನೊರೆ ಕಾಲಿಗೆ ತಾಗುವಷ್ಟರಲ್ಲಿ ಒಡೆದುಹೋಗುತ್ತದೆ. ಇದು ಒಡೆಯುವುದಿಲ್ಲ. ಊರೆಲ್ಲ ಬಟ್ಟೆ ಒಗೆದ ಸೋಪಿನ ನೀರು, ಶುದ್ಧಿಯಾಗದ ಕೊಳಚೆ, ಅದರಲ್ಲಿನ ಫಾಸ್ಫೇಟು ಎಲ್ಲ ಸೇರಿ ಬ್ಯಾರೇಜಿನ ಮೇಲಿಂದ ಬೀಳುವಾಗ ಕಡೆದು ಏಳುವ ನೊರೆ. ಈ ವಿಷಯದಲ್ಲಿ ಅವರ ಉಪನ್ಯಾಸ ಕೇಳಿದ ಮೇಲೆ ನೆಂಟರು ಆ ದಿನ ಲಸ್ಸಿಯನ್ನೂ ಕುಡಿಯುವುದಿಲ್ಲ.

ಅದೇ ಚಳಿಗಾಲಕ್ಕೆ ಬರುವ ಕಡಲಕ್ಕಿಗಳ ಬಗ್ಗೆ ಮಾತ್ರ ಅವರು ವಿಜ್ಞಾನ ಕೇಳುವುದಿಲ್ಲ. ಆಚೆ ದಡದಲ್ಲಿ 1990ರಲ್ಲಿ ಘೋಷಿಸಿದ ಪಕ್ಷಿಧಾಮವಿದೆ, ಹಕ್ಕಿಗಳು ಹಿಮಾಲಯದ ಆಚೆಯಿಂದ ಬರುತ್ತವೆ ಎಂದು ಬೋರ್ಡೇ ಹೇಳಿದರೂ, ಮಾರಾಯ್ರ ಪ್ರಕಾರ ಅವು ಮಲ್ಪೆಯವು. “ಮುಖ ನೋಡಿದರೆ ಗೊತ್ತಾಗ್ತದೆ. ನೀವು ಘಟ್ಟದವರು, ನಿಮಗೆ ಗೊತ್ತಾಗ್ಲಿಕ್ಕಿಲ್ಲ” ಎಂದು ನನ್ನ ಬಾಯಿ ಮುಚ್ಚಿಸಿದ್ದಾರೆ.

ಮೀನಿನ ವ್ಯವಹಾರ ಇನ್ನೂ ಗಂಭೀರ. ಜಾಕಿರ್ ನಗರದಲ್ಲಿ ಮೀನು ಧಾರಾಳ ಸಿಗುತ್ತದೆ, ಆದರೆ ಅದು ರೋಹು, ಕಾಟ್ಲಾ. ಸಿಹಿನೀರಿನ ಮೀನನ್ನು ಮಾರಾಯ್ರು ಮೀನೆಂದು ಒಪ್ಪುವುದಿಲ್ಲ. ಭಾನುವಾರ ಐಎನ್ಎ ಮಾರುಕಟ್ಟೆಗೆ ಹೋಗಿ ಬಂಗುಡೆಯ ಕಿವಿರು ಎತ್ತಿ ನೋಡಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ನಾಲ್ಕು ಸಲ ತಿರುಗಿಸಿ ವಾಪಸು ಇಟ್ಟು, ಮತ್ತೆ ಅದನ್ನೇ ಕೊಳ್ಳುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಕೊಳ್ಳುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಆ 61 ದಿನ ನಿಷೇಧ. ಸರಕಾರ ನಿಷೇಧಿಸಿದ್ದು ಬೋಟುಗಳನ್ನು, ಓಖ್ಲಾದ ಗುಮಾಸ್ತರನ್ನಲ್ಲ ಎಂದರೆ ಕೇಳಬೇಕಲ್ಲ? “ಈಗ ಬರುವುದೆಲ್ಲ ಐಸಿನದ್ದು” ಎಂದು ಎರಡು ತಿಂಗಳು ಒಣಮೀನು ಸುಡುತ್ತಾರೆ. ಆಗ ಕಿಟಕಿ ಮುಚ್ಚಲು ಮಹಡಿಯವರು ಯಾರ ಸಲಹೆಯನ್ನೂ ಕೇಳುವುದಿಲ್ಲ.

ನೆರೆಯವರಿಗೆ ಅವರು ಒಂದು ಒಗಟು. ಮಂಗಳೂರು ಎಂದರೆ ಅವರಿಗೆ ಬೆಂಗಳೂರು ಕೇಳಿಸುತ್ತದೆ. ‘ಗೋವಾ ಕೇ ನೀಚೇ’ ಎಂದರೆ ಮಾತ್ರ ಮುಖ ಅರಳುತ್ತದೆ. ಗೋವಾ! ಬಿಸಿಲು, ಮರಳು, ಸಮುದ್ರ! ಮುಂದಿನ ಪ್ರಶ್ನೆ ತಪ್ಪದೆ ಬರುತ್ತದೆ: “ಸಮಂದರ್ ಛೋಡ್ ಕರ್ ಇಧರ್ ಕ್ಯಾ ಕರ್ ರಹೇ ಹೋ ಜೀ?” ಈ ಪ್ರಶ್ನೆಗೆ ಮಾರಾಯ್ರು ಕೆಮ್ಮುತ್ತಾರೆ. ನಿಜ ಹೇಳಬೇಕೆಂದರೆ ಊರಿನಲ್ಲಿದ್ದಾಗ ಅವರು ಸಮುದ್ರವನ್ನು ಸರಿಯಾಗಿ ನೋಡಿದ್ದೇ ಇಲ್ಲ. ಮನೆಯಿಂದ ಒಂದು ಮೈಲು, ಆದರೂ ಹೋಗುತ್ತಿದ್ದದ್ದು ಗಣಪತಿ ಬಿಡಲಿಕ್ಕೆ ಅಥವಾ ಪೇಟೆಯ ನೆಂಟರು ಹಟ ಮಾಡಿದರೆ. ಸಮುದ್ರ ಅವರದ್ದಾದದ್ದು ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ.

ಆ ನಿಜಾಮುದ್ದೀನಿನಿಂದ ಹೊರಡುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಅವರ ಮನೆದೇವರು. ಓಖ್ಲಾ ಸ್ಟೇಷನ್ನಿನಲ್ಲಿ ಅದು ನಿಲ್ಲುವುದಿಲ್ಲ, ಸಿಳ್ಳೆ ಹಾಕಿ ಹಾದುಹೋಗುತ್ತದೆ. ಯಾರೂ ಬರುವವರಿಲ್ಲದಿದ್ದರೂ ಅದು ಎಷ್ಟು ಲೇಟು ಎಂದು ಮೊಬೈಲಿನಲ್ಲಿ ನೋಡಿಯೇ ಮಲಗುತ್ತಾರೆ. ಯಾರಾದರೂ ಬರುವವರಿದ್ದರೆ ಕುಚ್ಚಲಕ್ಕಿ, ಪುನರ್ಪುಳಿ, ಹಲಸಿನ ಹಪ್ಪಳ, ಗಾಣದ ಎಣ್ಣೆ ಬಂದಂತೆಯೇ ಲೆಕ್ಕ. ಡಿಸೆಂಬರಿನಲ್ಲಿ ಆ ತೆಂಗಿನೆಣ್ಣೆ ಡಬ್ಬಿಯೊಳಗೆ ಕಲ್ಲಾಗುತ್ತದೆ. ಚಮಚದ ಹಿಡಿಯಿಂದ ಕೆತ್ತಿ, ಆಗದೆ ಬಿಸಿಲಿಗಿಟ್ಟು, ಬಿಸಿಲು ಬರದೆ ಕೊನೆಗೆ ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತಲೆಗೆ ಹಚ್ಚುವಷ್ಟರಲ್ಲಿ ಆಫೀಸಿಗೆ ಹೊತ್ತಾಗಿರುತ್ತದೆ. 2024ರ ನವೆಂಬರಿನಿಂದ ರೈಲ್ವೆಯವರು ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದಾಗ ದೇಶದಲ್ಲಿ ಬಹಳ ಮಂದಿಗೆ ಅನುಕೂಲವಾಗಿರಬಹುದು. ಮಾರಾಯ್ರಿಗೆ ಮಾತ್ರ ಊರಿಗೆ ಹೋಗುವ ಸಂಭ್ರಮದಲ್ಲಿ ಎರಡು ತಿಂಗಳು ಖೋತಾ ಆಯಿತು.

ಜಾಮಿಯಾಕ್ಕೆ ಓದಲು ಬಂದ ಭಟ್ಕಳದ ಹುಡುಗನೊಬ್ಬನಿಗೆ ಅವರು ಉಪದೇಶ ಮಾಡಿದ್ದನ್ನು ನಾನೇ ಕೇಳಿದ್ದೇನೆ: “ಊರಿನ ಸ್ವೆಟರ್ ಇಲ್ಲಿಯ ಚಳಿಗೆ ಕರ್ಚೀಫು. ಓನರ್ ಹತ್ರ ಕರೆಂಟಿನ ಯೂನಿಟ್ಟಿಗೆಷ್ಟು ಅಂತ ಮೊದಲೇ ಕೇಳು. ಕೊಡೆ ತಂದಿದ್ದೀಯಾ? ಇಲ್ಲಿ ಕೊಡೆ ಹಿಡಿದರೆ ನಗಾಡ್ತಾರೆ, ಆದರೂ ಇರ್ಲಿ, ನಾಯಿಗಳಿಗೆ ಬೇಕಾಗ್ತದೆ.”
“ಅಂಕಲ್, ನೀವು ಊರಿಗೆ ವಾಪಸ್ ಯಾವಾಗ ಹೋಗೋದು?”
“ಬರುವ ವರ್ಷ ಹೋಗ್ಲಿಕ್ಕುಂಟು.”

ಈ ಬರುವ ವರ್ಷಕ್ಕೆಂದೇ ಅವರು ಸುರತ್ಕಲ್ಲಿನಲ್ಲಿ ಕಡಲಿಗೆ ಮುಖಮಾಡಿದ ಫ್ಲಾಟ್ ತೆಗೆದಿಟ್ಟಿದ್ದಾರೆ. ಸದ್ಯ ಅದರಲ್ಲಿ ಬಾಡಿಗೆಗಿರುವವನು ಕೆಲಸದ ಮೇಲೆ ಅಲ್ಲಿಗೆ ಹೋದ ಗೋವಿಂದಪುರಿಯ ಹುಡುಗ. ಮೊದಮೊದಲು ದಿನಾ ಸಂಜೆ ಸೂರ್ಯಾಸ್ತದ ಫೋಟೋ ಕಳಿಸುತ್ತಿದ್ದ. ಮಾರಾಯ್ರು ಅದನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ “ನಮ್ಮ ಬಾಲ್ಕನಿ” ಎನ್ನುತ್ತಿದ್ದರು. ಜೂನ್ ಬಂತು, ಫೋಟೋ ನಿಂತು ಫೋನು ಶುರುವಾಯಿತು. ಅಂಕಲ್‌ಜೀ, ಬಟ್ಟೆ ಒಣಗುವುದಿಲ್ಲ. ಬೂಟಿಗೆ ಬೂಷ್ಟು ಹಿಡಿದಿದೆ. ಫ್ರಿಜ್ಜಿನ ಕಾಲಿಗೆ ತುಕ್ಕು. ಉಪ್ಪಿನ ಡಬ್ಬಿಯಲ್ಲಿ ನೀರು. ಪನೀರ್ ಮೆತ್ತಗಿಲ್ಲ. ರಾತ್ರಿಯೆಲ್ಲ ಈ ಸಮುದ್ರ ಬೊಬ್ಬೆ ಹೊಡೆಯುತ್ತದೆ, ಇದನ್ನು ನಿಲ್ಲಿಸುವುದಿಲ್ಲವೇ?

ಓಖ್ಲಾದ ಬಾಲ್ಕನಿಯಲ್ಲಿ ನಿಂತು ಮಾರಾಯ್ರು ಅವನಿಗೆ ಕಡಲ ಮಗ್ಗುಲಲ್ಲಿ ಬಾಳುವುದನ್ನು ಕಲಿಸುತ್ತಾರೆ. ಬೂಟಿನೊಳಗೆ ಪೇಪರ್ ತುರುಕು. ಉಪ್ಪಿಗೆ ಅಕ್ಕಿಕಾಳು ಹಾಕು. ಪಡುವಣದ ಕಿಟಕಿ ತೆರೆಯಬೇಡ. ಆಟಿ ತಿಂಗಳೊಂದು ಕಳೆಯಲಿ, ಆಮೇಲೆ ಸ್ವರ್ಗ. ಹುಡುಗ ಕಲಿತ. ಈಗ ಬಂಗುಡೆ ತಿನ್ನುತ್ತಾನೆ, ಕಿವಿರನ್ನೂ ನೋಡುತ್ತಾನಂತೆ. ಕಳೆದ ಸಲ ಫೋನಿನಲ್ಲಿ, ಫ್ಲಾಟ್ ಮಾರುತ್ತೀರಾ ಎಂದು ಕೇಳಿಬಿಟ್ಟ.

ಹೆಂಡತಿ ಕೊಡಿ ಎಂದರು. ಮಗ, “ಬೇಚ್ ದೋ ಪಾಪಾ” ಎಂದ. ಮಾರಾಯ್ರು ಕೆರಳಿದರು. “ಎಂತ ಮಾತು ಮಾರಾಯ್ರೆ! ನಾವು ಬರುವ ವರ್ಷ ಹೋಗಿ ಕೂತುಕೊಳ್ಳುವುದು ಎಲ್ಲಿ?” ಹಾಗಂತ ಹುಡುಗನನ್ನು ಬಿಡಿಸಲೂ ಇಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟು ಮತ್ತೊಮ್ಮೆ ನವೀಕರಣವಾಗಿದೆ. ಬಾಡಿಗೆ ಶೇಕಡಾ 5 ಏರಿದೆ, ಪೇಂಟಿಂಗ್ ಖರ್ಚು ಹುಡುಗನದ್ದು.