ಉಸಿರು ಬಿಡಲು ಪುರುಸೊತ್ತು

ಹಿಪ್ನೋಬರ್ತಿಂಗ್ ಎಂಬುದು ಹೆರಿಗೆಗೆ ಎರಡು ಮೂರು ತಿಂಗಳು ಇರುವಾಗಲೇ ಬಸುರಿಯು ದಿನಕ್ಕಿಷ್ಟು ಹೊತ್ತು ಉಸಿರನ್ನು ನಿಧಾನ ಮಾಡಿ, ಮೈಯನ್ನು ಸಡಿಲ ಬಿಟ್ಟು, ಮನಸ್ಸನ್ನು ಹಿತವಾದ ಒಂದು ಜಾಗದಲ್ಲಿ ಕೂರಿಸಿಕೊಳ್ಳುವ ಅಭ್ಯಾಸ. ಹೆಸರಿನಲ್ಲಿ ಹಿಪ್ನಾಟಿಸಂ ಇದೆಯೆಂದು ಗಾಬರಿಯಾಗಬೇಕಿಲ್ಲ. ಬಸ್ ನಿಲ್ದಾಣದ ಗೋಡೆಗೆ ಫೋನ್ ನಂಬರಿನ ಸಮೇತ ಅಂಟಿಸಿರುವ ವಶೀಕರಣಕ್ಕೂ ಇದಕ್ಕೂ ನಂಟಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಬಸುರಿ ಪೂರ್ತಿ ಎಚ್ಚರವಾಗಿರುತ್ತಾಳೆ; ನಡುವೆ ಎದ್ದು ಹೋಗಿ ಹಾಲು ಉಕ್ಕದಂತೆ ಒಲೆ ಆರಿಸಿ ಬರಬಲ್ಲಳು. ಬಹಳ ಮನೆಗಳಲ್ಲಿ ಆರಿಸಿ ಬರುವುದೂ ಅವಳೇ.

ಇದರ ಬೇರು ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ವೈದ್ಯರಲ್ಲಿದೆ. 1933ರಲ್ಲಿ ಸಹಜ ಹೆರಿಗೆಯ ಮೇಲೆ ಪುಸ್ತಕ ಬರೆದ ಅವರ ವಾದ ಸರಳ: ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ನೋವು ಹೆಚ್ಚಿದರೆ ಭಯ ಇನ್ನೂ ಹೆಚ್ಚು. ಹೆತ್ತವರಿಗೆ ಇದು ಮೊದಲೇ ಗೊತ್ತಿತ್ತು. ಅವರಿಗೆ ಪುಸ್ತಕ ಬರೆಯಲು ಬಿಡುವಿರಲಿಲ್ಲ, ಅಷ್ಟೆ. ಈ ವಾದಕ್ಕೆ ಸ್ವಯಂ-ಸಂಮೋಹನವನ್ನು ಜೋಡಿಸಿ 1989ರಲ್ಲಿ ಹಿಪ್ನೋಬರ್ತಿಂಗ್ ಎಂಬ ಹೆಸರಿನಲ್ಲಿ ಪದ್ಧತಿಯಾಗಿ ಕಟ್ಟಿದವರು ಅಮೆರಿಕದ ಮೇರಿ ಮೊಂಗನ್. ಸಂಮೋಹನದಿಂದ ನೋವು ತಗ್ಗಿಸುವ ಪ್ರಯೋಗ ಭಾರತಕ್ಕೆ ಅದಕ್ಕಿಂತ ಬಹಳ ಹಿಂದೆಯೇ ಬಂದಿತ್ತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಸರ್ಜನ್ ರೋಗಿಗಳನ್ನು ಆ ಸ್ಥಿತಿಗೆ ತಂದು ಶಸ್ತ್ರಕ್ರಿಯೆ ಮಾಡುತ್ತಿದ್ದರು. ಎರಡೇ ವರ್ಷದಲ್ಲಿ ಕ್ಲೋರೋಫಾರ್ಮ್ ಬಂತು, ಎಸ್ಡೇಲ್ ವಿದ್ಯೆ ಮೂಲೆಗೆ ಸರಿಯಿತು. ಗಂಟೆಗಟ್ಟಲೆ ಕೂತು ರೋಗಿಯನ್ನು ಒಲಿಸುವುದಕ್ಕಿಂತ ಸೀಸೆ ಮೂಸಿಸುವುದು ಎಲ್ಲರಿಗೂ ಸಲೀಸು.

ಒಳಗೆ ನಡೆಯುವುದು ಇಷ್ಟು. ಗರ್ಭಕೋಶ ಹಿಂಡುವುದಕ್ಕೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಹೆದರಿದಾಗ ಅಡ್ರಿನಲಿನ್ ಏರುತ್ತದೆ. ಅದು ಹೆಚ್ಚಾದರೆ ಆಕ್ಸಿಟೋಸಿನ್ನಿನ ಕೆಲಸ ಕುಂಟುತ್ತದೆ. ನಿಧಾನವಾಗಿ ಬಿಟ್ಟ ಉಸಿರು ಎದೆಬಡಿತವನ್ನು ಇಳಿಸಿ, ಹೆದರಿಕೆಗೇನೂ ಕಾರಣವಿಲ್ಲ ಎಂಬ ಸುದ್ದಿಯನ್ನು ಮೈಗೆಲ್ಲ ಮುಟ್ಟಿಸುತ್ತದೆ. ನೋವು ಬಂದ ಹೊತ್ತಿನಲ್ಲಿ ಇದನ್ನು ಹೊಸದಾಗಿ ಕಲಿಯಲಾಗದು. ಹಾಗಾಗಿ ಏಳನೇ ತಿಂಗಳಿಂದಲೇ ಮನೆಯಲ್ಲಿ ರೂಢಿ ಮಾಡಿಕೊಳ್ಳಬೇಕು.

ಅಭ್ಯಾಸಕ್ಕೆ ಬೇಕಾದದ್ದು ನಾಲ್ಕೇ: ಒಂದು ಚಾಪೆ, ಎರಡು ದಿಂಬು, ಒಂದು ಕೋಣೆ, ಅರ್ಧ ಗಂಟೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮೊದಲ ಎರಡಕ್ಕೆ ಬರವಿಲ್ಲ. ಈ ಸೀಮೆ 2007ರಲ್ಲಿ ಬೇರೆ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಪಡೆದರೂ ಕೋಣೆ ಮತ್ತು ಅರ್ಧ ಗಂಟೆಯ ವಿಷಯದಲ್ಲಿ ಇಲ್ಲಿ ಏನೂ ಬದಲಾಗಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹೆಣ್ಣುಮಗಳು ಸೀಮಂತ ಮುಗಿಸಿಕೊಂಡು ಈ ವಿದ್ಯೆಯನ್ನು ಫೋನಿನಲ್ಲಿಟ್ಟುಕೊಂಡು ತವರಿಗೆ ಬರುತ್ತಾಳೆ. ತವರಿನಲ್ಲಿ ಹಗಲು ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡರೆ ಎರಡೇ ಅರ್ಥ: ಒಂದೋ ಹುಷಾರಿಲ್ಲ, ಇಲ್ಲವೋ ಯಾರ ಜೊತೆಗೋ ಮುನಿಸು. ಎರಡನ್ನೂ ವಿಚಾರಿಸಲು ಮನೆಮಂದಿ ಸರದಿಯ ಮೇಲೆ ಬಾಗಿಲು ತಟ್ಟುತ್ತಾರೆ.

ಮೊದಲ ಪಾಠ ಉಸಿರಾಟ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದುಕೊಂಡು, ಎಂಟು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಬೇಕು. ಹೆರಿಗೆಯ ಒಂದೊಂದು ನೋವು ಸಾಮಾನ್ಯವಾಗಿ ಮುಕ್ಕಾಲಿನಿಂದ ಒಂದು ನಿಮಿಷ, ಕೊನೆಕೊನೆಗೆ ಒಂದೂವರೆ ನಿಮಿಷದವರೆಗೆ ಇರುತ್ತದೆ. ಅಂದರೆ ಇಂಥ ನಾಲ್ಕೈದು, ಹೆಚ್ಚೆಂದರೆ ಏಳೆಂಟು ಉಸಿರಿನಲ್ಲಿ ಒಂದು ನೋವು ಬಂದು ಹೋಗುತ್ತದೆ. ಲೆಕ್ಕ ಕೇಳಲು ಧೈರ್ಯ ಕೊಡುವಂಥದ್ದು. ಬಹು ಹೊತ್ತು ಬೆನ್ನಿನ ಮೇಲೆ ಮಲಗಿದರೆ ತುಂಬಿದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ, ಎಡ ಮಗ್ಗುಲಿಗೆ ತಿರುಗಿ, ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಂಡು ಅಭ್ಯಾಸ ಮಾಡಬೇಕು.

ಎಣಿಕೆ ತಪ್ಪಿಸುವ ಸದ್ದು ಊರಿಂದೂರಿಗೆ ಬೇರೆ. ರಾಮನಗರದಲ್ಲಿ ಮೈಸೂರು ರೈಲು ಮತ್ತು ನೂಲು ತೆಗೆಯುವ ಚರಕ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಯಂತ್ರ. ಮಾಗಡಿ ಕಡೆ ತ್ರೀ ಫೇಸ್ ಕರೆಂಟು ಬಂದ ಗಳಿಗೆಯಲ್ಲಿ ಪಂಪ್‌ಸೆಟ್ ಜೊತೆಗೆ ಮನೆಯವರೆಲ್ಲ ಎಚ್ಚರಾಗುತ್ತಾರೆ. ಕನಕಪುರದ ಕಾಡಂಚಿನಲ್ಲಿ ರಾತ್ರಿ ಉಸಿರು ಎಂಟನೇ ಎಣಿಕೆಗೆ ಇಳಿಯುವ ಹೊತ್ತಿಗೆ ಸರಿಯಾಗಿ, ರಾಗಿ ಹೊಲಕ್ಕಿಳಿದ ಆನೆ ಓಡಿಸಲು ಯಾರೋ ಪಟಾಕಿ ಹಚ್ಚುತ್ತಾರೆ. ಕೈಪಿಡಿಗಳಲ್ಲಿ ಹಕ್ಕಿಯ ಚಿಲಿಪಿಲಿ, ಮಳೆಯ ಸದ್ದು ಎಂದೆಲ್ಲ ಇದೆ. ಆನೆಯ ಪ್ರಸ್ತಾಪವಿಲ್ಲ.

ಎರಡನೆಯದು ಸ್ನಾಯುಗಳ ಸಡಿಲಿಕೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ಕ್ರಮವೇ ಇದಕ್ಕೆ ಆಧಾರ. ಮುಷ್ಟಿ ಬಿಗಿ ಹಿಡಿದು ಬಿಡುವುದು, ಹೆಗಲು ಎತ್ತಿ ಇಳಿಸುವುದು, ಹಣೆ ಗಂಟಿಕ್ಕಿ ಸಡಿಲಿಸುವುದು, ಹೀಗೆ ತಲೆಯಿಂದ ಕಾಲಿನವರೆಗೆ ಒಂದೊಂದೇ ಭಾಗ. ದವಡೆಯನ್ನು ಕಚ್ಚಿಕೊಳ್ಳಬಾರದು ಎಂದು ಕಲಿಸುವವರು ಒತ್ತಿ ಹೇಳುತ್ತಾರೆ. ಕಷ್ಟವನ್ನು ಹಲ್ಲುಕಚ್ಚಿ ಸಹಿಸು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ಹೆಣ್ಣುಮಗಳಿಗೆ ಇಡೀ ಪದ್ಧತಿಯಲ್ಲಿ ಇದೇ ಅತಿ ಕಠಿಣ ಭಾಗ.

ಮೂರನೆಯದು ಕಲ್ಪನೆ. ಕಣ್ಣು ಮುಚ್ಚಿ ಒಂದು ಪ್ರಶಾಂತ ಜಾಗವನ್ನು ಕಾಣಬೇಕು. ಕೈಪಿಡಿಗಳು ಕಡಲ ತೀರವನ್ನು ಸೂಚಿಸುತ್ತವೆ. ಈ ಸೀಮೆಗೆ ಕಡಲಿಲ್ಲ. ರಾಮದೇವರ ಬೆಟ್ಟವನ್ನು ನೆನೆದುಕೊಂಡರೆ 1975ರಲ್ಲಿ ತೆರೆಕಂಡ ಶೋಲೆಯ ಗಬ್ಬರ್ ಸಿಂಗ್ ಬಂಡೆಯ ಮೇಲಿಂದ ಇಳಿದು ಬರುತ್ತಾನೆ. ಮೇಕೆದಾಟು ಎಂದರೆ ಸಾಕು, ಪಕ್ಕದಲ್ಲಿ ಕೂತ ಗಂಡ ಅಣೆಕಟ್ಟು ಆಗುತ್ತದೋ ಇಲ್ಲವೋ ಎಂಬ ಚರ್ಚೆ ತೆಗೆಯುತ್ತಾನೆ. ಮಂಚನಬೆಲೆಯ ನೀರು ಕಣ್ಣಿಗೆ ತಂಪು, ಆದರೆ ಜೊತೆಗೇ ನೀರಿಗಿಳಿಯಬೇಡಿ ಎಂಬ ಎಚ್ಚರಿಕೆಯೂ ನೆನಪಾಗುತ್ತದೆ. ಎಲ್ಲ ನೋಡಿದರೆ ಈ ಕೆಲಸಕ್ಕೆ ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿಗಿಂತ ತಕ್ಕ ಜಾಗವಿಲ್ಲ. ಅಲ್ಲಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುವ ಕೂಸು. ಮಕ್ಕಳ ಹರಕೆ ಹೊತ್ತವರು ಒಪ್ಪಿಸಿದ ಪುಟ್ಟ ಪುಟ್ಟ ಮರದ ತೊಟ್ಟಿಲುಗಳು ಅಲ್ಲಿ ತುಂಬಿವೆ. ಬಸುರಿಯ ಕಣ್ಮುಂದೆ ತಾನಾಗಿ ಬಂದು ನಿಲ್ಲುವ ಚಿತ್ರ ಇದು; ಮನೆಯ ಹಿರಿಯರ ಆಕ್ಷೇಪಣೆಯೂ ಬರುವುದಿಲ್ಲ.

ನಾಲ್ಕನೆಯದು ಧ್ವನಿಮುದ್ರಿಕೆ ಕೇಳುವುದು. ಸಿಗುವ ಬಹುಪಾಲು ಮುದ್ರಿಕೆಗಳಲ್ಲಿ ಇಂಗ್ಲೆಂಡಿನ ಅಥವಾ ಅಮೆರಿಕದ ಹೆಂಗಸೊಬ್ಬಳು ಪಿಸುಗುಡುತ್ತಾಳೆ. ಏನು ಹೇಳಿದಳೆಂದು ತಿಳಿಯಲು ಕಿವಿ ನಿಮಿರಿಸಿದ ಕ್ಷಣವೇ ಸಡಿಲಿಕೆ ಹೋಗುತ್ತದೆ. ಪುಕ್ಕಟೆ ಮುದ್ರಿಕೆಯಾದರೆ ಇನ್ನೇನು ಕಾಲಿನ ಬೆರಳು ಸಡಿಲವಾಗಬೇಕು ಎನ್ನುವಾಗ ಚಿನ್ನದ ಮೇಲೆ ಸಾಲ ಕೊಡುವವರ ಜಾಹೀರಾತು ಅಬ್ಬರಿಸುತ್ತದೆ. ಇದಕ್ಕೆ ಸುಲಭದ ಉಪಾಯ, ಮನೆಯ ಹಿರಿಯಳೊಬ್ಬಳ ದನಿಯನ್ನೇ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುವುದು. “ಮೆತ್ಗೆ ಉಸುರು ಬುಡವ್ವ, ಕೈಕಾಲೆಲ್ಲ ಸಡ್ಲ ಬುಡು, ಏನೂ ಆಗಕಿಲ್ಲ” ಎಂದು ಅಜ್ಜಿ ಹೇಳಿದರೆ ಅದಕ್ಕೆ ತರ್ಜುಮೆ ಬೇಡ. ಅಜ್ಜಿ ನಡುನಡುವೆ ಕೋಳಿ ಓಡಿಸುವ ಸದ್ದೂ ಬಂದಿರುತ್ತದೆ; ಅದನ್ನು ತೆಗೆಯುವ ಅಗತ್ಯವಿಲ್ಲ.

ಇಷ್ಟೆಲ್ಲ ಅಭ್ಯಾಸದ ಗುರಿ ಭಯವನ್ನು ಇಳಿಸುವುದು. ಆ ಭಯ ಸಂಜೆ ನಾಲ್ಕರ ಹೊತ್ತಿಗೆ ಕಾಫಿ ಕುಡಿಯಲು ಬರುವ ನೆಂಟರ ಮೂಲಕ ಮನೆಗೆ ಬರುತ್ತದೆ. ಬಸುರಿ ನೋಡಲು ಬಂದವರು ಹಣ್ಣು, ಹೂವು, ಮಡಿಲಿಗೆ ಅಕ್ಕಿ ತರುತ್ತಾರೆ. ಜೊತೆಗೆ ಒಂದು ಕಥೆ ತರುತ್ತಾರೆ. “ನಮ್ಮ ನಾದಿನೀಗೆ ಮೂರು ದಿನ ನೋವು ಕಣಮ್ಮ, ಕೊನೆಗೆ ಕುಯ್ದೇ ತೆಗುದ್ರು” ಎಂಬುದು ಚಿಕ್ಕ ಕಥೆ. ಬಂದವರು ಒಬ್ಬರಿಗಿಂತ ಹೆಚ್ಚಿದ್ದರೆ ಸ್ಪರ್ಧೆ ಏರ್ಪಡುತ್ತದೆ: ಒಬ್ಬರ ಮೂರು ದಿನಕ್ಕೆ ಇನ್ನೊಬ್ಬರ ನಾಲ್ಕು ದಿನ, ಒಬ್ಬರ ಹೊಲಿಗೆಗೆ ಇನ್ನೊಬ್ಬರ ರಕ್ತದ ಬಾಟಲಿ. ಸುಖವಾಗಿ ಹೆತ್ತವರು ಆ ಸಭೆಯಲ್ಲಿ ಇದ್ದೇ ಇರುತ್ತಾರೆ, ಆದರೆ ಅವರ ಕಥೆಗೆ ಕೇಳುಗರಿಲ್ಲದ ಕಾರಣ ತಟ್ಟೆಯ ಚಕ್ಕುಲಿ ಮುಗಿಸುತ್ತಾರೆ. ಹೊರಡುವಾಗ ಎಲ್ಲರೂ ಒಟ್ಟಾಗಿ, “ನೀನೇನೂ ಹೆದರ್ಕೋಬೇಡ” ಎಂದು ಹೇಳಿ ಹೋಗುತ್ತಾರೆ.

ಮನೆಮಂದಿಗೆ ಶಾಂತಿ ಕಾಯುವುದು ಗೊತ್ತಿಲ್ಲ ಎಂದಲ್ಲ. ಇದೇ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವವರು ಹುಳುವಿನ ಮನೆಗೆ ಚಪ್ಪಲಿ ಹಾಕಿಕೊಂಡು ಯಾರನ್ನೂ ಬಿಡುವುದಿಲ್ಲ. ಬಾಗಿಲಲ್ಲೇ ಕೈಕಾಲು ತೊಳೆಸುತ್ತಾರೆ, ಸೆಂಟು ಹಾಕಿಕೊಂಡು ಬಂದವರನ್ನು ಆಚೆಯೇ ನಿಲ್ಲಿಸುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಚಂದ್ರಿಕೆಯೆಂಬ ತಟ್ಟಿಯ ಮೇಲೆ ಗೂಡು ಕಟ್ಟುವಾಗಲೂ ಅದಕ್ಕೆ ಅದರ ಪಾಡಿಗೆ ಬಿಡುವು. ಈ ಮರ್ಯಾದೆಯಲ್ಲಿ ಕಾಲುಭಾಗವನ್ನು ಮನೆಯ ಮಗಳಿಗೆ ವರ್ಗಾಯಿಸಿದರೆ ಹಿಪ್ನೋಬರ್ತಿಂಗಿನ ಅರ್ಧ ಪಠ್ಯ ಮುಗಿದಂತೆ. ದಿನಕ್ಕೆ ಅರ್ಧ ಗಂಟೆ ಬಾಗಿಲು ತಟ್ಟದಿರುವುದು, ನೋವಿನ ಕಥೆ ಹೇಳಬಂದವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಮಾತನ್ನು ಮಾವಿನ ಫಸಲಿನ ಕಡೆಗೆ ತಿರುಗಿಸುವುದು, ಇವು ಬಸುರಿ ಮಾಡಬೇಕಾದ ಅಭ್ಯಾಸಗಳಲ್ಲ. ಮನೆಯವರು ಮಾಡಬೇಕಾದವು.

ಐದನೆಯದು ಸ್ಪರ್ಶ. ನಡುವಿನ ಕೆಳಭಾಗವನ್ನು ಅಂಗೈಯಿಂದ ಒತ್ತಿ ಹಿಡಿಯುವುದು, ತೋಳನ್ನು ಹಗುರವಾಗಿ ನೇವರಿಸುವುದು. ಪಠ್ಯದಲ್ಲಿ ಇದು ಗಂಡನ ಕೆಲಸ. ತವರಿನ ಹೆರಿಗೆಯಲ್ಲಿ ಗಂಡ ಭಾನುವಾರದ ಅತಿಥಿ. ಅತ್ತೆ ಮಾವ, ಭಾವಮೈದ, ಪಕ್ಕದ ಮನೆಯವರು ಕೂತಿರುವ ನಡುಮನೆಯಲ್ಲಿ ಹೆಂಡತಿಯ ಬೆನ್ನು ನೀವುವುದು ಹೇಗೆಂದು ಯಾವ ಕೈಪಿಡಿಯೂ ವಿವರಿಸುವುದಿಲ್ಲ. ಅಳಿಯ ಪೇಪರ್ ಓದುತ್ತಾನೆ, ಅವ್ವ ಎಣ್ಣೆ ಬಿಸಿ ಮಾಡಿ ತರುತ್ತಾಳೆ. ಅದು ಅವಳಿಗೆ ಹೊಸ ವಿದ್ಯೆಯಲ್ಲ. ಮಾಗಡಿಯಿಂದ ಬಡಗಲಿಗೆ ಹೋದರೆ ಸಿಗುವ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಹಳ್ಳಿಯ ಸೂಲಗಿತ್ತಿಯರ ಬಂಡವಾಳವೆಂದರೆ ಪಳಗಿದ ಕೈ ಮತ್ತು ಧೈರ್ಯದ ಮಾತು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೂ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಜೊತೆಗೆ ಹೋಗುವವರು ಯಾರೆಂದು ಮೊದಲೇ ಗೊತ್ತುಮಾಡಿ, ಉಸಿರಿನ ಎಣಿಕೆಯನ್ನು ಅವರಿಗೂ ಕಲಿಸಿರಬೇಕು. ಕಥೆ ಹೇಳುವ ಚಾಳಿಯಿರುವ ಚಿಕ್ಕಮ್ಮನನ್ನು ಈ ಹುದ್ದೆಗೆ ಪರಿಗಣಿಸಬಾರದು.

ಫಲಿತಾಂಶದ ಮಾತು. ಇಂಗ್ಲೆಂಡಿನಲ್ಲಿ 680 ಚೊಚ್ಚಲ ಬಸುರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಯಂ-ಸಂಮೋಹನ ಕಲಿತವರೂ ಕಲಿಯದವರೂ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಮದ್ದನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕೇಳಿದರು. ಆದರೆ ಕಲಿತವರಿಗೆ ತಾವು ಎಣಿಸಿದ್ದಕ್ಕಿಂತ ಭಯ, ಆತಂಕ ಕಡಿಮೆಯಾಗಿತ್ತು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ ಒಂಬತ್ತು ಪ್ರಯೋಗಗಳ 2,954 ಹೆಂಗಸರ ವಿವರ ತೂಗಿ, ಒಟ್ಟಾರೆ ನೋವಿನ ಮದ್ದು ಕಡಿಮೆಯಾಗಬಹುದು, ಎಪಿಡ್ಯೂರಲ್ ಕಡಿಮೆಯಾಗದು ಎಂದಿತು. ನೋವಿಲ್ಲದ ಹೆರಿಗೆ ಎಂದು ಮಾರುವವರನ್ನು ಅಲ್ಲಿಗೇ ಕೈಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಉಸಿರಾಟ, ಸ್ನಾಯು ಸಡಿಲಿಕೆ, ಸಂಗೀತ ಇವನ್ನು ನೋವು ತಾಳುವ ದಾರಿಗಳಾಗಿ ಶಿಫಾರಸು ಮಾಡಿತು; ಅವುಗಳಿಂದ ಅಪಾಯವಿಲ್ಲ, ಖರ್ಚೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಗಳಲ್ಲಿ ಆಗುತ್ತವೆ, ನೂರಕ್ಕೆ 31ರಷ್ಟು ಸಿಸೇರಿಯನ್. ಸಿಸೇರಿಯನ್ ಆದವಳು ಪಾಠದಲ್ಲಿ ನಪಾಸಾದಳು ಎಂದಲ್ಲ. ಆಪರೇಷನ್ ಟೇಬಲ್ಲಿನ ಮೇಲೂ ಅದೇ ಉಸಿರು ಕೆಲಸಕ್ಕೆ ಬರುತ್ತದೆ.

ಈ ಅಭ್ಯಾಸಕ್ಕೆ ಒಂದು ಗಡಿಯಿದೆ. ನೋವು ಐದು ನಿಮಿಷಕ್ಕೊಮ್ಮೆ ತಪ್ಪದೆ ಬರತೊಡಗಿದರೆ ಆಸ್ಪತ್ರೆಗೆ ಹೊರಡಬೇಕು; ಕಾಡಂಚಿನ ಹಳ್ಳಿಯವರು, ಮೊದಲ ಹೆರಿಗೆ ಬೇಗ ಆದವರು ಅದಕ್ಕೂ ಮೊದಲೇ. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಉಸಿರು ಎಣಿಸುತ್ತ ಕೂರಬಾರದು. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಮಗುವಿಗೆ ಹಳೆಯ ಹತ್ತಿಬಟ್ಟೆ ಇರುವ ಚೀಲವನ್ನು ಒಂಬತ್ತನೇ ತಿಂಗಳಲ್ಲೇ ಕಟ್ಟಿ ಬಾಗಿಲ ಬಳಿ ಇಟ್ಟಿರಿ, ಆಶಾ ಕಾರ್ಯಕರ್ತೆಯ ನಂಬರು ಮನೆಯವರೆಲ್ಲರ ಫೋನಿನಲ್ಲೂ ಇರಲಿ. ಆಂಬುಲೆನ್ಸಿಗೆ 108; ಕರ್ನಾಟಕದಲ್ಲಿ 2008ರಿಂದ ಇದೆ, ದುಡ್ಡು ಕೊಡಬೇಕಿಲ್ಲ.